ಕವಾಯತು ಮನೆಯ ನಡುಗೋಡೆ

ಒಡಹುಟ್ಟದಿದ್ದರೂ ಅಣ್ಣನಾದ ಉಡುತಡಿಯ ಬೀರಣ್ಣನಿಗೆ, ಶಿಕಾರಿಪುರದ ಗಾರೆ ಬುಡನ್ ಸಾಬ ಮಾಡುವ ಸಲಾಂ.

ಯಾರದಾದರೂ ಕಾಗದ ಬಂದರೆ ನೀನು ಅದನ್ನು ತಿರುಗಿಸಿ ಮುರುಗಿಸಿ ನೋಡಿ ನನ್ನ ಕಡೆ ಚಾಚುತ್ತಿದ್ದೆ. "ಓದೋ ಗಾರೆ, ಏನ್ ಬರದಾರ ನೋಡು" ಎನ್ನುತ್ತಿದ್ದೆ. ನಾಲ್ಕನೇ ಕ್ಲಾಸು ಕಲಿತ ನಾನು ನಿನ್ನ ಪಾಲಿಗೆ ದೊಡ್ಡ ಪಂಡಿತ. ಈಗ ಬರೆಯುವವನೂ ನಾನೇ ಆಗಿದ್ದೇನೆ, ಓದಿ ಹೇಳುವವರು ಅಲ್ಲಿ ಯಾರಿದ್ದಾರೋ ಗೊತ್ತಿಲ್ಲ. ಅಷ್ಟು ಜನ ಹೋಗಿದ್ದಾರೆ, ಒಬ್ಬ ಮೇಷ್ಟ್ರಾದರೂ ನಿನ್ನ ಪಕ್ಕದಲ್ಲಿ ಇರಬೇಕಲ್ಲ? ಯಾರೂ ಸಿಗದಿದ್ದರೆ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಿರು. ನಾನು ಬಂದ ಮೇಲೆ ಓದುತ್ತೇನೆ.

ಈ ಬೇಸಿಗೆಯಲ್ಲಿ ಕವಾಯತು ಮನೆಯ ಬೀಗ ತೆಗೆದಾಗ ಮೂಗಿಗೆ ಮೊದಲು ಬಂದದ್ದು ಹುಣಸೆಬೀಜದ ಗಂಜಿಯ ವಾಸನೆ. ಒಂದು ಮಳೆಗಾಲ ಪೂರ್ತಿ ಯಾರೂ ಅಲ್ಲಿ ಗಂಜಿ ಕಾಯಿಸಿರಲಿಲ್ಲ. ಬಾವಲಿಗಳು ಮತ್ತೆ ಬಂದು ಸೇರಿದ್ದವು. ಆದರೂ ನಿಮ್ಮ ಕಂಬಳಿಯ ವಾಸನೆ ಗೋಡೆ ಬಿಟ್ಟು ಹೋಗಿರಲಿಲ್ಲ. ಆ ಮನೆಯ ಸುದ್ದಿಯನ್ನು ನಿನಗೆ ಹೇಳಬೇಕಾಗಿದೆ. ನೀನಿಲ್ಲದಾಗ ಅದರ ನಡುವೆ ಒಂದು ಗೋಡೆ ಎದ್ದಿದೆ, ಬೀರಣ್ಣ. ಕಟ್ಟಿದವನು ನಾನು. ಈಗಲೇ ಸಿಟ್ಟಾಗಬೇಡ, ಪೂರ್ತಿ ಕೇಳು.

ನೀನು ಮೊದಲು ಅಲ್ಲಿಗೆ ಬಂದದ್ದು ಯುದ್ಧದ ಕಾಲದಲ್ಲಿ, ಕತ್ತೆಯ ಮೇಲೆ ಕಂಬಳಿ ಹೇರಿಕೊಂಡು. ಪಲ್ಟನ್ನಿಗೆ ಸೇರಿದ ಹುಡುಗರಿಗೆ ಹೊದೆಯಲು ಕಂಬಳಿ ಕೊಳ್ಳುತ್ತಿದ್ದರು. ನಾನು ಮೂಲೆಯಲ್ಲಿ ಕೂತು ನೆಲದ ಗಾರೆಗೆ ತೇಪೆ ಹಾಕುತ್ತಿದ್ದೆ. ಮಳೆಗಾಲವಾದ್ದರಿಂದ ಕವಾಯತು ಒಳಗೇ ನಡೆಯುತ್ತಿತ್ತು. ಹುಡುಗರ ಸಾಲು ಸೊಟ್ಟಗಾಗಬಾರದೆಂದು ಹವಾಲ್ದಾರ ಈ ತುದಿಯಿಂದ ಆ ತುದಿಗೆ ನೆಲದ ಮೇಲೆ ಸುಣ್ಣದ ಗೆರೆ ಹಾಕಿಸಿದ್ದ. ನೀನು ಕಂಬಳಿ ಇಳಿಸುವುದು ಬಿಟ್ಟು ಆ ಗೆರೆಗಳನ್ನೇ, ಮಗ್ಗಕ್ಕೆಂದು ಉದ್ದಕ್ಕೆ ಎಳೆದು ಕಟ್ಟಿದ ಎಳೆಗಳ ಹಾಸನ್ನು ನೋಡುವಂತೆ, ನೋಡುತ್ತ ನಿಂತೆ. ಆಮೇಲೆ ಹವಾಲ್ದಾರನ ಹತ್ತಿರ ಹೋಗಿ ಬಹಳ ಮರ್ಯಾದೆಯಿಂದ ಕೇಳಿದೆ, "ಎಷ್ಟು ಎಳಿ ಹಾಸು ರೀ ಇದು? ನಡುವ ಇಷ್ಟು ಜಾಗ ಬಿಟ್ಟರ ಕಂಬಳಿ ಜಾಳಾಗೂದಿಲ್ಲೇನ್ರೀ?"

ಹವಾಲ್ದಾರ ಬೇರೆ ಸೀಮೆಯವನು. ಇವನು ಏನು ಕೇಳುತ್ತಿದ್ದಾನೆ ಎಂದು ನನ್ನ ಕಡೆ ತಿರುಗಿದ. ನಾನು ನಮ್ಮ ಮನೆಮಾತು ಉರ್ದುವಿನಲ್ಲಿ ಹೇಳಿದೆ, "ಸಾಹೇಬರೇ, ನಿಮ್ಮ ಪಲ್ಟನ್ನಿನ ನೇಯ್ಗೆ ಸಡಿಲವಾಗಿದೆ ಅಂತಿದಾನೆ." ಅವನು ನಗಬಹುದು ಅಂದುಕೊಂಡಿದ್ದೆ. ನಮ್ಮಿಬ್ಬರನ್ನೂ ಬಿಸಿಲಿಲ್ಲದ ಅಂಗಳದಲ್ಲಿ ಮಳೆಗೆ ನಿಲ್ಲಿಸಿದ. ಗಾರೆಯವನಿಗೂ ಕಂಬಳಿಯವನಿಗೂ ಸ್ನೇಹವಾಗಿದ್ದು ಅಲ್ಲಿ, ತೊಯ್ದು ತೊಪ್ಪೆಯಾಗಿ. ನೆನೆದ ಕಂಬಳಿಯೊಂದನ್ನು ಇಬ್ಬರ ತಲೆಯ ಮೇಲೂ ಎಳೆದುಕೊಂಡು ನೀನು ಹೇಳಿದೆ, "ಈ ಮನಿ ದಂಡಿಗೆ ಯಾಕ್ ಬೇಕೋ ತಮ್ಮ? ಒಂದು ಕಂಬ ಇಲ್ಲ ನಡುವ. ಹಾಸು ಹಾಕಾಕ ಹೇಳಿ ಮಾಡಿಸಿದಂಗೈತಿ."

ನನ್ನ ಅಬ್ಬಾ ಇದ್ದಿದ್ದರೆ ನಿನಗೆ ಅದಕ್ಕೆ ಉತ್ತರ ಹೇಳುತ್ತಿದ್ದರು. ಮಹಾರಾಜರ ಸವಾರರು ಇಲ್ಲಿ ಬೀಡು ಬಿಟ್ಟಿದ್ದ ಕಾಲದಲ್ಲಿ ಕಟ್ಟಿದ ಮನೆ ಅದು. ಗೋಡೆಯ ಗಾರೆಯಲ್ಲಿ ನಮ್ಮ ಅಜ್ಜನ ಕೈ ಇದೆ. ಕುದುರೆ ತಿರುಗುವಾಗ ಕಂಬಕ್ಕೆ ಸವಾರನ ಮೊಣಕಾಲು ಬಡಿಯುತ್ತದೆಂದು ನಡುವೆ ಒಂದು ಕಂಬವನ್ನೂ ಇಡದೆ, ಸೊರಬದ ಕಾಡಿನ ಸಾಗುವಾನಿ ತೊಲೆಗಳನ್ನು ಗೋಡೆಯಿಂದ ಗೋಡೆಗೆ ಹಾಯಿಸಿ, ಹೆಂಚು ಹೊದಿಸಿದ್ದರು. ಕುದುರೆಗಳು ಹೋದವು. ಆಮೇಲೆ ಕಾಲ್ದಳದ ಹುಡುಗರು ಬಂದರು, ಯುದ್ಧ ಮುಗಿದ ಮೇಲೆ ಅವರೂ ಹೋದರು. ರೇಷನ್ನಿನ ಕಾಲದಲ್ಲಿ ರೈತರಿಂದ ವಸೂಲು ಮಾಡಿದ ಲೆವಿ ಭತ್ತ ತುಂಬಿದರು. ಭತ್ತ ಖಾಲಿಯಾದ ಮೇಲೆ ಹೆಗ್ಗಣ, ಹೆಗ್ಗಣದ ಹಿಂದೆ ಹಾವು. ಅಷ್ಟಾದರೂ ಊರವರು ಅದನ್ನು ಕವಾಯತು ಮನೆ ಎಂದೇ ಕರೆದರು. ಸರ್ಕಾರದ ಕಾಗದದಲ್ಲಿ ಮಾತ್ರ ಅದಕ್ಕೆ ಬೇರೆ ಬೇರೆ ಹೆಸರು ಬಂದು ಹೋದವು.

ಅಮಲ್ದಾರರ ಮುಂದೆ ನೀನು ಕೈಕಟ್ಟಿ ನಿಂತ ಬೆಳಗ್ಗೆ ನನಗೆ ಚೆನ್ನಾಗಿ ನೆನಪಿದೆ. ನಾನು ಕಚೇರಿಯ ಮೆಟ್ಟಿಲು ರಿಪೇರಿ ಮಾಡುತ್ತಿದ್ದೆ, ಕಿವಿ ಒಳಗಿತ್ತು. ಮಿರಗದ ಮಳೆ ಬಿದ್ದಲ್ಲಿಂದ ನಮ್ಮ ಕೆಲಸ ನಿಂತುಹೋಗುತ್ತದೆ ಎಂದು ನೀನು ಹೇಳುತ್ತಿದ್ದೆ. ಮಗ್ಗಕ್ಕೆ ಏರಿಸುವ ಮೊದಲು ಉದ್ದದ ಎಳೆಗಳನ್ನೆಲ್ಲ ಬಯಲಿನಲ್ಲಿ ಎಳೆದು ಕಟ್ಟಿ ಗಂಜಿ ಬಳಿಯಬೇಕು, ಮಳೆಯಲ್ಲಿ ಗಂಜಿ ಒಣಗುವುದಿಲ್ಲ, ಬೂಸು ಹಿಡಿಯುತ್ತದೆ, ಆದರೆ ಜನ ಕಂಬಳಿ ಕೇಳುವುದೂ ಮಳೆಯಲ್ಲೇ. ಅಮಲ್ದಾರರು ಒಳ್ಳೆಯ ಲಹರಿಯಲ್ಲಿದ್ದರು. "ಏನಪ್ಪಾ, ಕವಾಯತು ಮನೆಯಲ್ಲಿ ನೀನು ಕವಾಯತು ಮಾಡ್ತೀಯೇನು?" ಎಂದರು. "ಹೌದ್ರೀ ಬುದ್ಧಿ, ಎಳಿಗೂ ಕವಾಯತು ಬೇಕಾಕ್ಕತಿ. ಸಾಲು ತಪ್ಪಿದ್ರ ಹೊದೆಯೋ ಹಂಗಿಲ್ಲ" ಎಂದೆ ನೀನು. ಮಳೆಗಾಲಕ್ಕೆ ಮಾತ್ರ ಎಂದು ಕೀಲಿ ಕೊಟ್ಟರು.

ಆಮೇಲಿನ ಮಳೆಗಾಲಗಳೆಲ್ಲ ಅಲ್ಲೇ ಕಳೆದವು. ಒಂದರ ಪಕ್ಕ ಒಂದು ಮೂರು ಹಾಸು, ಮೂರು ಮನೆಯವರದು. ಬಾಗಿಲ ಹತ್ತಿರ ಗಂಜಿಯ ಹಂಡೆ. ಎಳೆಗಳ ಕೆಳಗೆ ಅಲ್ಲಲ್ಲಿ ಇದ್ದಿಲ ಕೆಂಡದ ಬಾಣಲೆ. ಗೋಡೆಗೆ ಒರಗಿ ಹೆಂಗಸರು ಉಣ್ಣೆ ನೂಲುತ್ತಿದ್ದರು, ಅವರಲ್ಲಿ ನಿನ್ನ ಹೆಂಡತಿ ಹನುಮವ್ವನ ನೂಲೇ ಸಣ್ಣದು ಎಂದು ನೀನು ಯಾರ ಮುಂದೆಯೂ ಹೇಳುತ್ತಿರಲಿಲ್ಲ, ನನ್ನ ಹತ್ತಿರ ಮಾತ್ರ ಹೇಳುತ್ತಿದ್ದೆ. ಗಾರೆಯವನಿಗೂ ಮಳೆಗೂ ಎಣ್ಣೆ ಸೀಗೆಕಾಯಿ. ಕೆಲಸವಿಲ್ಲದೆ ನಾನು ಅಲ್ಲಿ ಬಂದು ಕೂತರೆ ನೀನು ಸುಮ್ಮನೆ ಕೂರಲು ಬಿಟ್ಟೆಯಾ? ಕುಂಚ ಕೈಗೆ ಕೊಟ್ಟೆ. ನಾನು ಗೋಡೆಗೆ ಬಳಿದಂತೆ ಬಳಿದೆ, ಎಳೆಗಳೆಲ್ಲ ಅಂಟಿಕೊಂಡು ಹಪ್ಪಳವಾದವು. ಹನುಮವ್ವ ಅದನ್ನು ಬಿಡಿಸುತ್ತ ಕೂತವಳು, "ಸಾಬಣ್ಣ, ನಮ್ಮ ಕಂಬಳಿಗೆ ಬಾಗಲ ಕಿಟಕಿ ಎಲ್ಲಿ ಇಡ್ತೀರಿ?" ಎಂದಳು. ಎಷ್ಟು ನಕ್ಕಿದ್ದೆವು. ರಾಜ್ಯ ಒಂದಾಯಿತೆಂದು ಅಲ್ಲೇ ಸಭೆ ಮಾಡಿದಾಗ ಭಾಷಣ ಮಾಡಿದವರ ಬಿಳಿ ಪಂಚೆಗೆಲ್ಲ ನಿಮ್ಮ ಕರಿ ಉಣ್ಣೆ ಹತ್ತಿತ್ತು, ಅದೂ ನೆನಪಿದೆಯಾ?

ಆ ಸಭೆಯಾದ ಮೇಲಿನ ಸಂಕ್ರಾಂತಿ ಕಳೆದ ಮೇಲೆ ನೀನು ಕುರಿ ಹೊಡೆದುಕೊಂಡು ಹೊರಟೆ. ಅಂಜನಾಪುರದ ಅಣೆಕಟ್ಟಿನ ನೀರು ಬಂದಲ್ಲಿಂದ ಈ ಕಡೆಯ ಬೀಳು ಜಮೀನೆಲ್ಲ ಗದ್ದೆಯಾಗುತ್ತ ಬಂತು. ಊರಿಗೆಲ್ಲ ಹಬ್ಬವಾಗಿದ್ದು ನಿನ್ನ ಕುರಿಗಳಿಗೆ ಉಪವಾಸವಾಯಿತು. ಕವಾಯತು ಮನೆಯ ಜಗಲಿಯಲ್ಲಿ ಬುತ್ತಿ ಬಿಚ್ಚಿ ನನಗೂ ಅರ್ಧ ರೊಟ್ಟಿ ಮುರಿದು ಕೊಟ್ಟು ಹೇಳಿದೆ, "ಸೊರಬದ ಕಡೆ ಕಾಡಂಚಿನಾಗ ಹುಲ್ಲು ಐತಂತ. ನಮ್ಮ ನಿಂಗಪ್ಪನೂ ಬರ್ತಾನ. ಯುಗಾದಿಗೆ ತಿರುಗಿ ಬಂದಬಿಡ್ತೀವಿ." ನಿಂಗಪ್ಪ ಎಂದರೆ ಹನುಮವ್ವನ ತಮ್ಮ, ನಿನಗಿಂತ ಚೆನ್ನಾಗಿ ನೇಯುವವನು. ಬರುವಾಗ ಕಾಡುಜೇನು ತಾ ಎಂದೆ ನಾನು. "ಯಾಕೋ, ನಿನ್ನ ಗಾರೆಗೆ ಬೆಲ್ಲ ಸಾಲವಲ್ದೇನು?" ಎಂದು ಕೋಲು ಹೆಗಲಿಗೇರಿಸಿ ಹೋದೆ. ತಿರುಗಿ ನೋಡಿದೆಯೋ ಇಲ್ಲವೋ, ನಾನು ನೋಡಲಿಲ್ಲ. ನೋಡಬೇಕು ಅಂತ ಯಾರಿಗೆ ಗೊತ್ತಿರುತ್ತದೆ?

ಕ್ಯಾಸನೂರಿನ ಕಾಡಂಚಿನಲ್ಲಿ ನಿನಗೆ ಜ್ವರ ಎಂದು ಬಳೆಗಾರನೊಬ್ಬ ಸುದ್ದಿ ತಂದ ದಿನವೇ ನಾನು ಸೊರಬದ ಬಸ್ಸು ಹತ್ತಿದೆ. ಸೊರಬದಲ್ಲಿ ಇಳಿದು ಕ್ಯಾಸನೂರಿನ ದಾರಿ ಕೇಳಿದರೆ ಚಹಾ ಅಂಗಡಿಯವನು ಲೋಟ ಅಲ್ಲೇ ಇಟ್ಟುಬಿಟ್ಟ. "ಆ ಕಡೆ ಹೋಗಬೇಡಿ ಮಾರಾಯ್ರೆ. ಕಾಡಲ್ಲಿ ಮಂಗ ಸಾಯ್ತಾ ಇದಾವೆ. ಸೌದೆಗೆ ಹೋದವರು, ದನ ಮೇಯಿಸೋರು, ಎಲ್ಲಾ ಮಲಗಿಬಿಟ್ಟಿದಾರೆ. ಎಂಥಾ ಜ್ವರ ಅಂತ ಡಾಕ್ಟ್ರಿಗೇ ಗೊತ್ತಿಲ್ಲ" ಎಂದ. ನಾನು ನಡೆದೆ. ಕಾಡಂಚಿನ ಒಂದು ಕೊಟ್ಟಿಗೆಯಲ್ಲಿ ನಿಂಗಪ್ಪ ಮಲಗಿದ್ದ, ಕಣ್ಣು ಕೆಂಡ. ನಿನ್ನ ಮಣ್ಣು ಹಿಂದಿನ ದಿನವೇ ಆಗಿಹೋಗಿತ್ತು. ನಿನ್ನ ಕಂಬಳಿಯಲ್ಲೇ ಸುತ್ತಿ ಇಟ್ಟರಂತೆ.

ಆ ಗುಡ್ಡೆಯ ಹತ್ತಿರ ಒಬ್ಬ ಮುದುಕ ನನ್ನನ್ನು ಕರೆದುಕೊಂಡು ಹೋಗಿ ಬಿಟ್ಟ. ಮೇಲೆ ಮುಳ್ಳು ಹೊದಿಸಿದ್ದರು. ನಾನು ಮುಳ್ಳು ಸರಿಸಿ ಮೂರು ಹಿಡಿ ಮಣ್ಣು ಹಾಕಿದೆ, ನಮ್ಮಲ್ಲಿ ಹಾಕುವ ಹಾಗೆ. ದುವಾ ಕೇಳಿದೆ. ನಿನ್ನ ಮೈಲಾರಲಿಂಗ ಅಷ್ಟಕ್ಕೆ ಕೋಪಿಸಿಕೊಳ್ಳಲಾರ ಅಂದುಕೊಂಡೆ. ಆಗ ನನ್ನ ತಲೆಗೆ ಬಂದದ್ದು ಏನು ಹೇಳಲಿ? ಈ ಮಣ್ಣಿನಲ್ಲಿ ಮರಳು ಹೆಚ್ಚು, ಸುಣ್ಣ ಕಲಸಿದರೆ ಹಿಡಿಯುವುದಿಲ್ಲ ಎಂದು. ಬೆರಳಿನ ನಡುವೆ ತಿಕ್ಕಿ ತಿಕ್ಕಿ ಅದನ್ನೇ ನೋಡುತ್ತಿದ್ದೆ. ಅದರ ಕೆಳಗೆ ನೀನಿದ್ದೀಯ ಎಂಬುದು ತಲೆಯೊಳಗೆ ಇಳಿಯಲೇ ಇಲ್ಲ. ಇವತ್ತಿಗೂ ಪೂರ್ತಿ ಇಳಿದಿಲ್ಲ.

ಊರಿಗೆ ಬಂದ ಮೇಲೆ ನನ್ನ ಹೆಂಡತಿ ಮಾಬೂಬಿ ಅತ್ತಳು, ನಾನು ಅಳಲಿಲ್ಲ. ಹನುಮವ್ವನಿಗೆ ಸುದ್ದಿ ಹೇಳಿದವನೂ ನಾನೇ, ಆಗಲೂ ಅಳಲಿಲ್ಲ. ರೊಟ್ಟಿ ತಿಂದೆ, ಸುಣ್ಣ ಅರೆದೆ, ಶುಕ್ರವಾರ ನಮಾಜಿಗೆ ಹೋದೆ, ಯಾರೋ ಹೇಳಿದ ತಮಾಷೆಗೆ ನಕ್ಕೆ ಕೂಡ. "ಒಮ್ಮೆ ಅತ್ತುಬಿಡ್ರಿ, ಎದಿ ಹಗುರ ಆಕ್ಕತಿ" ಎಂದು ಮಾಬೂಬಿ ಎಷ್ಟು ಸಲ ಹೇಳಿದಳೋ. ಎದೆ ಭಾರವಿದ್ದರೆ ತಾನೇ ಹಗುರವಾಗುವುದು? ಅಲ್ಲಿ ಏನೂ ಇರಲಿಲ್ಲ. ಆ ಮಳೆಗಾಲ ಕವಾಯತು ಮನೆಯ ಕೀಲಿ ಕೇಳಲು ಯಾರೂ ಹೋಗಲಿಲ್ಲ. ನಾನು ಆ ಬೀದಿಯನ್ನೇ ಬಿಟ್ಟು ಸುತ್ತುಹಾಕಿ ನಡೆದೆ. ಬೇಸರದಿಂದ ಎಂದುಕೊಳ್ಳಬೇಡ. ಕಾಲು ಆ ಕಡೆ ತಿರುಗುತ್ತಿರಲಿಲ್ಲ, ಅಷ್ಟೇ.

ಈ ಬೇಸಿಗೆಯಲ್ಲಿ ಓವರ್‌ಸಿಯರ್ ಕರೆಸಿ ಕೆಲಸ ಹೇಳಿದರು. ಕವಾಯತು ಮನೆಯನ್ನು ನಡುವೆ ಗೋಡೆ ಹಾಕಿ ಎರಡು ಭಾಗ ಮಾಡಬೇಕು. ಒಂದು ಕಡೆ ಹೆಣ್ಣುಮಕ್ಕಳ ಸ್ಕೂಲು, ಇನ್ನೊಂದು ಕಡೆ ಬೀಜದ ಭತ್ತದ ಗೋದಾಮು. ಎರಡೂ ಬೇಕಾದದ್ದೇ, ನಾನು ಏನೆಂದು ಬೇಡ ಅನ್ನಲಿ? ಹೆಣ್ಣುಮಕ್ಕಳು ಮರದ ಕೆಳಗೆ ಕೂತು ಓದುತ್ತಿದ್ದರು. ಆದರೆ ಗೋಡೆ ಎದ್ದರೆ ಹಾಸು ಹಾಕುವ ಉದ್ದ ಉಳಿಯುವುದಿಲ್ಲ. ಅರ್ಧ ಮನೆಯಲ್ಲಿ ಮಗುವಿನ ಕಂಬಳಿಯನ್ನೂ ಎಳೆಯಲು ಆಗದು. ನಾನು ಉಡುತಡಿಗೆ ಹೋಗಿ ಹನುಮವ್ವನಿಗೆ ಹೇಳಿದೆ. ಅವಳು ನೂಲು ಸುತ್ತುತ್ತಿದ್ದವಳು ನಿಲ್ಲಿಸಲಿಲ್ಲ.

"ಕುರಿ ಅರ್ಧಕ್ಕರ್ಧ ಮಾರಿದೆ ಸಾಬಣ್ಣ. ಉಳಿದ ಕುರಿ ಉಣ್ಣಿ ಕತ್ತರಿಸಿ ನೂತು ಇಟ್ಟೀನಿ, ಆ ಮೂಲ್ಯಾಗ ನೋಡ್ರಿ ಎಷ್ಟೈತಿ. ಈ ಮಳಿಗಾಲದಾಗ ಅದು ಕಂಬಳಿ ಆಗಲಿಲ್ಲಂದ್ರ, ಉಳಿದ ಕುರೀನೂ ಮಾರಿ ಮಂದಿ ಗದ್ದಿ ನಾಟಿಗೆ ಹೋಗೂದ. ಮಗ್ಗದ ಕುಣಿ ಮುಚ್ಚೂದ."

"ನಾನು ಆ ಕೆಲಸ ಒಲ್ಲೆ ಅಂತೀನಿ" ಎಂದೆ.

"ನೀವ್ ಒಲ್ಲೆ ಅಂದ್ರ ಗ್ವಾಡಿ ಏಳೂದಿಲ್ಲೇನ್ರಿ? ಇನ್ನೊಬ್ಬ ಬಂದು ಕಟ್ತಾನ. ಅವನ ಮುಖ ನನಗೆ ಗೊತ್ತಿರೂದಿಲ್ಲ, ನನ್ನ ಮುಖ ಅವನಿಗೆ ಗೊತ್ತಿರೂದಿಲ್ಲ."

ಹಿಂದಿರುಗುವಾಗ ದಾರಿಯುದ್ದಕ್ಕೂ ಅವಳ ಮಾತನ್ನೇ ಮೆಲುಕು ಹಾಕುತ್ತ ಬಂದೆ. ನೀನಿದ್ದಿದ್ದರೆ ನಗೆಯಾಡಿ ಏನಾದರೊಂದು ದಾರಿ ಮಾಡುತ್ತಿದ್ದೆ. ನನಗೆ ಬರುವುದು ಗೋಡೆಯೊಂದೇ. ಗೋಡೆ ಕಟ್ಟುವುದು ಮತ್ತು ಗೋಡೆಯಲ್ಲಿ ಜಾಗ ಬಿಡುವುದು. ಬಾಗಿಲಿಗೆ ಬಿಡುತ್ತೇವೆ, ಕಿಟಕಿಗೆ ಬಿಡುತ್ತೇವೆ, ದೀಪದ ಗೂಡಿಗೆ ಬಿಡುತ್ತೇವೆ. ಹಾಸು ಹಾಯಲೆಂದು ಯಾಕೆ ಬಿಡಬಾರದು? ಒಂದು ಹಾಸಿನ ಅಗಲ, ಸೊಂಟದ ಎತ್ತರದಲ್ಲಿ, ಕೈ ತೂರುವಷ್ಟು ಕಂಡಿ. ಈ ಕಡೆ ಒಂದು ತುದಿ, ಆ ಕಡೆ ಒಂದು ತುದಿ. ಹೊಳೆದಾಗ ನಾನು ರಸ್ತೆಯ ನಡುವೆ ನಿಂತುಬಿಟ್ಟಿದ್ದೆ. ಹಿಂದಿನಿಂದ ಬಂದ ಗಾಡಿಯವನು ಬಾಯಿಗೆ ಬಂದಂತೆ ಬೈದು ಹೋದ.

ಓವರ್‌ಸಿಯರ್ ಮೊದಲು ಒಪ್ಪಲಿಲ್ಲ. ಕೆಟ್ಟ ಮನುಷ್ಯನಲ್ಲ, ವಯಸ್ಸು ಸಣ್ಣದು, ಹೆದರಿಕೆ ಜಾಸ್ತಿ. "ಪ್ಲಾನಿನಲ್ಲಿ ಇಲ್ಲದ್ದು ನಾನು ಹೇಗೆ ಮಾಡಿಸಲಿ ಸಾಬ್ರೆ? ನಾಳೆ ಮೇಲಿನವರು ಬಂದು ಗೋಡೆಗೆ ಯಾಕ್ರೀ ಬಾಯಿ ಇಟ್ಟಿದೀರಿ ಅಂದ್ರೆ?" ಎಂದರು. "ಬಾಯಿದ್ದರ ಏನ್ರೀ, ಮಾತಾಡೂದಿಲ್ಲಲ್ಲ" ಎಂದೆ. ನಗಲಿಲ್ಲ. ತಲೆ ಅಲ್ಲಾಡಿಸಿ ಸೈಕಲ್ ಹತ್ತಿ ಹೋದರು. ಆ ರಾತ್ರಿ ಊಟ ಮಾಡುವಾಗ ಮಾಬೂಬಿ ಹೇಳಿದಳು, "ನೀವು ಹೇಳಿದ್ರ ಅವರಿಗೆ ಏನ್ ತಿಳೀತತಿ? ಹನುಮವ್ವಗ ಬಂದು ಹಾಸು ಹಾಕಾಕ ಹೇಳ್ರಿ, ಕಣ್ಣಲೆ ನೋಡ್ಲಿ."

ಪಾಯ ತೋಡುವ ದಿನ ಹನುಮವ್ವ ನೂಲು ಹೊತ್ತುಕೊಂಡು ಬಂದಳು, ಜೊತೆಗೆ ಇನ್ನಿಬ್ಬರು ಹೆಂಗಸರು. ನೆಲದ ಮೇಲೆ ನಾನು ಗೋಡೆಯ ಗುರುತು ಹಾಕಿಯಾಗಿತ್ತು. ಅವರು ಗೂಟಕ್ಕೆ ಕಟ್ಟಿ ಎಳೆಗಳನ್ನು ಎಳೆದುಕೊಂಡು ಹೋದರು. ಗುರುತನ್ನು ದಾಟಿ, ಆ ತುದಿಯವರೆಗೆ. ಓವರ್‌ಸಿಯರ್ ಬಾಗಿಲಲ್ಲಿ ಛತ್ರಿ ಹಿಡಿದು ನಿಂತು ನೋಡಿದರು. ಹತ್ತಿರ ಬಂದು ಬೆರಳಿನಿಂದ ಒಂದು ಎಳೆ ಮುಟ್ಟಿ, "ಗೋಡೆ ಬಂದರೆ ಇದನ್ನ ಗಿಡ್ಡ ಮಾಡಿಕೊಳ್ಳೋಕೆ ಆಗಲ್ವಾಮ್ಮ?" ಎಂದರು. ಹನುಮವ್ವ ಅವರ ಮುಖ ನೋಡಲಿಲ್ಲ. "ಕಂಬಳಿ ಗಿಡ್ಡ ಆದ್ರ ಮನಿಷ್ಯಾರು ಗಿಡ್ಡ ಆಗ್ತಾರೇನ್ರೀ ಅಪ್ಪಾರ?" ಎಂದಳು.

ಅವರು ಎಳೆಗಳ ಪಕ್ಕದಲ್ಲೇ ಆ ತುದಿಯವರೆಗೆ ನಡೆದು ನೋಡಿಬಂದರು. ಹೊರಟು ನಿಂತಾಗ ನನ್ನನ್ನು ಪಕ್ಕಕ್ಕೆ ಕರೆದು, "ವೆಂಟಿಲೇಟರ್ ಅಂತ ಬರೀತೀನಿ. ಒಂದೇ. ಎರಡನೇದು ಕೇಳಬೇಡಿ" ಎಂದರು. ಸೊಂಟದ ಎತ್ತರಕ್ಕೆ ಯಾರಾದರೂ ವೆಂಟಿಲೇಟರ್ ಇಡುತ್ತಾರಾ ಬೀರಣ್ಣ? ನಾನು ಅವರಿಗೆ ಸಲಾಂ ಹೊಡೆದೆ. ಮೂರು ಹಾಸು ಒಟ್ಟಿಗೆ ಹಾಕುತ್ತಿದ್ದ ಜಾಗದಲ್ಲಿ ಇನ್ನು ಒಂದೇ. ಮೂರು ಮನೆಯವರು ಸರದಿ ಹಚ್ಚಿಕೊಳ್ಳಬೇಕು. ಅಷ್ಟಕ್ಕೆ ಅಷ್ಟಾದರೂ ಸಿಕ್ಕಿತಲ್ಲ ಎಂದು ಹನುಮವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

ಆ ಗೋಡೆಯನ್ನು ನಾನು ಬೇರೆಯವರ ಕೈಗೆ ಕೊಡಲಿಲ್ಲ. ಕೂಲಿಯವರು ಕಲ್ಲು ಎತ್ತಿಕೊಟ್ಟರು, ಇಟ್ಟವನು ನಾನೇ. ಅಳಲೆಕಾಯಿ ನೆನೆಹಾಕಿದ ನೀರಿಗೆ ಬೆಲ್ಲ ಕದಡಿ, ಅದರಲ್ಲಿ ಸುಣ್ಣ ಅರೆದು, ಅಜ್ಜನ ಕಾಲದಲ್ಲಿ ಮಾಡುತ್ತಿದ್ದ ಹಾಗೆ ಗಾರೆ ಮಾಡಿದೆ. ಕಂಡಿಯ ಕೆಳಗೆ ಕಲ್ಲಿನ ಚಪ್ಪಡಿ, ಮೇಲೆ ಸಾಗುವಾನಿ ಹಲಗೆ. ಉಣ್ಣೆಯ ಎಳೆ ಎಲ್ಲಾದರೂ ಸಿಕ್ಕಿ ಹರಿದೀತೆಂದು ಅಂಚುಗಳನ್ನೆಲ್ಲ ದುಂಡಗೆ ಮಾಡಿ, ಹೊಳೆಯ ನುಣುಪುಗಲ್ಲಿನಿಂದ ತಿಕ್ಕಿದೆ. ಮಾಬೂಬಿಯ ಸೀರೆಯ ಸೆರಗನ್ನು ತೂರಿಸಿ ಎಳೆದು ನೋಡಿದೆ, ಎಲ್ಲೂ ಹಿಡಿಯಲಿಲ್ಲ. ಇಷ್ಟೆಲ್ಲ ಮಾಡುವಾಗ ನನಗೆ ಸಂತೋಷವಾಗಿರಬೇಕು ಎಂದು ನೀನು ತಿಳಿಯಬಹುದು. ಇಲ್ಲ. ತೂಗುಗುಂಡು ಬಿಟ್ಟೆ, ಮಟ್ಟ ನೋಡಿದೆ, ಕಲ್ಲಿಟ್ಟೆ. ನಿನ್ನ ಹೆಸರು ಒಂದು ಸಲವೂ ಮನಸ್ಸಿಗೆ ಬರಲಿಲ್ಲ. ಬರದ್ದಕ್ಕೆ ನಾಚಿಕೆಯೂ ಆಗಲಿಲ್ಲ.

ಸ್ಕೂಲು ಶುರುವಾದ ದಿನ ಟೀಚರಮ್ಮ ಕಂಡಿಯ ಮುಂದೆ ಬಗ್ಗಿ ಆ ಕಡೆ ಇಣುಕಿದರು. "ಸಾಬ್ರೆ, ಇದು ಮಕ್ಕಳು ಪೇರಲೆಹಣ್ಣು ದಾಟಿಸೋಕೆ ಮಾಡಿದ್ದೇನ್ರೀ?" ಎಂದು ಕೇಳಿದರು. ವಿಷಯ ಹೇಳಿದೆ. ಭಾನುವಾರ ಸ್ಕೂಲಿನ ಕೀಲಿ ನಾನೇ ಕೊಡುತ್ತೇನೆ ಎಂದರು, ಸೋಮವಾರ ಬೆಳಗ್ಗೆ ಮಕ್ಕಳು ಬರುವಷ್ಟರಲ್ಲಿ ಗಂಜಿ ನೆಲದ ಮೇಲೆ ಇರಬಾರದು ಎಂದೂ ಸೇರಿಸಿದರು. ಗೋದಾಮಿನವನ ಬೀಜ ಆರಿದ್ರಾ ಮಳೆಯ ಹೊತ್ತಿಗೆ ರೈತರ ಮನೆ ಸೇರಿತ್ತು. ಖಾಲಿ ಗೋದಾಮಿಗೆ ಯಾರ ತಕರಾರೂ ಇರಲಿಲ್ಲ.

ನಿನ್ನೆ ಭಾನುವಾರ. ಬೆಳಗಿನಿಂದ ಪುಷ್ಯ ಮಳೆ ಹಿಡಿದಿತ್ತು, ಹೆಂಚಿನ ಮೇಲೆ ಸದ್ದೇ ಸದ್ದು. ಸ್ಕೂಲಿನ ಕಡೆ ಬೆಂಚುಗಳನ್ನು ಗೋಡೆಗೆ ಒತ್ತರಿಸಿ, ಹಾಸಿನ ಒಂದು ತುದಿಯ ಕೋಲನ್ನು ನನ್ನ ಕೈಗೆ ಕೊಟ್ಟರು. ಗೂಟ ಬಿಗಿಯುವವರೆಗೆ ಹಿಡಿದಿರಬೇಕು, ಆ ಕಡೆಯಿಂದ ಎಳೆದು ಹದ ಮಾಡುತ್ತಾರೆ. ಎಳೆಗಳೆಲ್ಲ ಕಂಡಿಯೊಳಗೆ ನುಗ್ಗಿ ಆ ಕಡೆ ಹೋಗಿದ್ದವು. ಆ ಕಡೆ ಯಾರಿದ್ದಾರೆ ಎಂದು ನನಗೆ ಕಾಣುತ್ತಿರಲಿಲ್ಲ. ನಿಂಗಪ್ಪ ಇರಬೇಕು ಅಂದುಕೊಂಡೆ. ಅವನು ಬದುಕಿ ಬಂದ, ಆದರೆ ಆ ಜ್ವರ ಅವನ ಕೈ ಬಿಟ್ಟು ಹೋಗಿಲ್ಲ. ಚಹಾದ ಲೋಟ ಎತ್ತಿದರೆ ಅರ್ಧ ಚೆಲ್ಲುತ್ತಾನೆ. ಲಾಳಿ ಹಿಡಿಯುವ ಮಾತೇ ಇಲ್ಲ.

ಆಗ ಆ ಕಡೆಯಿಂದ ಎಳೆದರು. ಎರಡು ಸಣ್ಣ ಜಗ್ಗು, ಸ್ವಲ್ಪ ತಡೆದು ಒಂದು ಉದ್ದನೆಯ ಜಗ್ಗು, ಕೊನೆಯಲ್ಲಿ ಎಡಕ್ಕೆ ಚೂರು ತಿರುವು. ಬೀರಣ್ಣ, ಅಷ್ಟು ಮಳೆಗಾಲ ಪಕ್ಕದಲ್ಲಿ ಕೂತು ನೋಡಿದ್ದೇನೆ, ಹಾಗೆ ಎಳೆಯುವವನು ನೀನೊಬ್ಬನೇ ಇದ್ದದ್ದು. ಕೋ­ಲು ನನ್ನ ಕೈಯಲ್ಲಿ ಜಿಗಿಯಿತು. ನಡುವೆ ನಾನೇ ಕಟ್ಟಿದ ಗೋಡೆ, ಆ ಕಡೆ ಏನೂ ಕಾಣದು, ಮಳೆಯ ಸದ್ದಿನಲ್ಲಿ ಏನೂ ಕೇಳದು, ಆದರೆ ನೀನು ಎಳೆಯುತ್ತಿದ್ದೀಯ. ಮತ್ತೊಮ್ಮೆ ಎಳೆದೆ. ನಾನು ಗೋಡೆಗೆ ಬಾಯಿಟ್ಟು, "ಬೀರಣ್ಣಾ" ಎಂದುಬಿಟ್ಟೆ. ಪಕ್ಕದಲ್ಲಿ ಗಂಜಿ ಕಲಸುತ್ತಿದ್ದ ಹೆಂಗಸು ಕೈ ನಿಲ್ಲಿಸಿ ನನ್ನನ್ನೇ ನೋಡಿದಳು.

ಗೂಟ ಬಿಗಿದ ಮೇಲೆ ನಾನು ಹೊರಗಿನಿಂದ, ಮಳೆಯಲ್ಲಿ, ಮನೆ ಸುತ್ತಿಕೊಂಡು ಗೋದಾಮಿನ ಬಾಗಿಲಿಗೆ ಹೋದೆ. ನಿಂಗಪ್ಪ ಗೋಣಿಚೀಲದ ಮೇಲೆ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂತಿದ್ದ. ಹಾಸಿನ ತುದಿಯಲ್ಲಿ ಹನುಮವ್ವ, ಸೆರಗು ಬಿಗಿದು ಕಟ್ಟಿ, ಒಂದು ಕಾಲು ಮುಂದಿಟ್ಟು, ಕೋಲನ್ನು ಎದೆಗೆ ಒತ್ತಿ ಹಿಡಿದಿದ್ದಳು.

"ಯಾರು ಕಲಿಸಿದ್ರವ್ವ ನಿನಗೆ ಹಿಂಗ ಎಳಿಯಾಕ?" ಎಂದೆ.

"ಯಾರ್ ಕಲಿಸ್ತಾರ ಸಾಬಣ್ಣ. ಇಷ್ಟು ವರ್ಷ ಅವರ ಎದುರಿನ ತುದಿ ಹಿಡಕೊಂಡು ನಿಂತಾಕಿ ನಾನಲ್ಲೇನು? ಅವರು ಎಳದದ್ದೆಲ್ಲ ನನ್ನ ಕೈಗೇ ಬಂದತಿ."

ನಾನು ಗೋದಾಮಿನ ಹೊಸಲಿನ ಮೇಲೆ ಕೂತೆ. ಬಟ್ಟೆಯೆಲ್ಲ ತೊಯ್ದಿತ್ತು. ಅಲ್ಲಿ ಅತ್ತೆ, ಬೀರಣ್ಣ. ಸಣ್ಣ ಮಕ್ಕಳು ಅಳುವ ಹಾಗೆ, ಮೂಗು ಸೋರಿಸಿಕೊಂಡು, ಹೆಂಗಸರ ಮುಂದೆ. ಹನುಮವ್ವ ಹತ್ತಿರ ಬರಲಿಲ್ಲ, ಸಮಾಧಾನ ಹೇಳಲಿಲ್ಲ. ಕೋಲು ಬಿಡುವ ಹಾಗಿರಲಿಲ್ಲ ಅವಳಿಗೆ. ಬಳಿದು ಮುಗಿಸಿದ ಮೇಲೆ ಗೋಡೆಯ ದಪ್ಪದೊಳಗೆ ಉಳಿದಿದ್ದ ಗೇಣಷ್ಟು ಜಾಗಕ್ಕೆ ಗಂಜಿ ಹತ್ತಿರಲಿಲ್ಲ. ಹಾಸನ್ನು ಸರಿಸಿ ಅದಕ್ಕೂ ಬಳಿದರು.

ನಿನ್ನ ಕುಲದ ಹಿರಿಯರು ಹೆಣ್ಣು ಮಗ್ಗದ ಕುಣಿಗೆ, ಕಾಲು ಇಳಿಬಿಟ್ಟು ಕೂತು ನೇಯುವ ಆ ಗುಂಡಿಗೆ, ಇಳಿಯಬಾರದು ಎಂದು ಹೇಳಿ ಕಳಿಸಿದ್ದಾರೆ. ಯಾಕೆ ಇಳಿಯಬಾರದು ಎಂದು ನಾನು ಕೇಳಿದರೆ ಯಾರಿಗೂ ಗೊತ್ತಿಲ್ಲ, ಇದುವರೆಗೆ ಯಾವ ಹೆಣ್ಣೂ ಇಳಿದದ್ದಿಲ್ಲ, ಅದಕ್ಕೆ. ಇನ್ನು ನೇಯುವವಳು ಹನುಮವ್ವನೇ, ನಿಂಗಪ್ಪ ದಡದ ಮೇಲೆ ಕೂತು ಹೇಳಿಕೊಡುತ್ತಾನಂತೆ. ಇವತ್ತು ಬೆಳಗ್ಗೆ ನಾನು ಉಡುತಡಿಗೆ ಹೋಗಿದ್ದೆ. ನೀನು ಹೋದ ಮೇಲೆ ನಿನ್ನ ಮಗ್ಗದ ಕುಣಿಯಲ್ಲಿ ನೀರು ನಿಂತು ಅಂಚು ಕುಸಿದಿತ್ತು. ನೀರು ಬಳಿದು ಹಾಕಿ, ಅಂಚಿಗೆ ಹೊಸ ಗಾರೆ ಮೆತ್ತಿ ಬಂದಿದ್ದೇನೆ. ನಿನ್ನ ಕಾಲಿನ ಉದ್ದಕ್ಕೆ ತೋಡಿದ ಕುಣಿ ಅದು, ಹನುಮವ್ವನ ಪಾದ ತಳ ಮುಟ್ಟುವುದಿಲ್ಲ. ಅವಳನ್ನು ಕೂರಿಸಿ ಅಳತೆ ತೆಗೆದುಕೊಂಡು, ಒಳಗೆ ಒಂದು ಮೆಟ್ಟಿಲು ಕಟ್ಟಿದೆ. ಗಾರೆ ಇನ್ನೂ ಹಸಿ ಇದೆ. ಒಣಗಿದ ಮೇಲೆ ಅವಳು ಇಳಿಯುತ್ತಾಳೆ.